ಬೀಗ ಸರಿಯಾಗಿಯೇ ಇತ್ತು

ಜೂನ್ 9, ಸೋಮವಾರ

ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಯಲು ಹೋದಾಗ ರೂಪಶ್ರೀ ಮೆಟ್ಟಿಲ ಮೇಲೆ ಕೂತಿದ್ದಳು. ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ. ತಾನು ಅಡಗಿದ್ದ ಹೆಂಗಸರ ಹಾಸ್ಟೆಲಿನ ಹಿತ್ತಲ ಗೋಡೆ ಹಾರಿ ಬಂದಿದ್ದಳಂತೆ. ನಿನ್ನೆ ಸಂಜೆ ಅವಳ ಗಂಡ ಚನ್ನೇಶ್ ಹಾಸ್ಟೆಲಿನ ಗೇಟಿಗೆ ಬಂದು, ಹೆಸರು ಹಿಡಿದು ಕೂಗಿದ್ದಾನೆ. ರೂಮಿನ ನಂಬರ್ ಕೂಡ ಹೇಳಿದ್ದಾನೆ.

"ನಮ್ಮಣ್ಣಂಗೂ ಹೇಳಿರ್ಲಿಲ್ಲ ಕಣಕ್ಕ. ನಿಮ್ಗೊಬ್ರಿಗೇ ಹೇಳಿದ್ದು."

ನಾನು ಆ ವಿಳಾಸವನ್ನು ಲ್ಯಾಪ್‌ಟಾಪಿನಲ್ಲಿ ಅವಳ ಫೈಲಿಗೆ ಹಾಕಿದ್ದೆ. ಸಲಹಾ ಕೇಂದ್ರಕ್ಕೆ ಬರುವ ಪ್ರತಿ ಹೆಂಗಸಿಗೂ ಒಂದು ಫೈಲ್ ಇದೆ. ಅದನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಸುಧಾ ಅಕ್ಕ ಎದುರು ಕೂತು ಮಾತಾಡಿಸುತ್ತಾರೆ, ನಾನು ಟೈಪ್ ಮಾಡುತ್ತೇನೆ. ಬಟವಾಡಿ ಬಡಾವಣೆಯ ಈ ಎರಡು ಕೋಣೆಗಳಲ್ಲಿ ನಾವಿಬ್ಬರೇ.

ರೂಪಶ್ರೀ ಸಿ.ಎಸ್. ಪುರದಿಂದ ಗಂಡನ ಮನೆ ಬಿಟ್ಟು ಬಂದಾಗ ಅವಳ ಎಡಗೈ ಮೂಳೆ ಮುರಿದು, ಸೊಟ್ಟಗೆ ಕೂಡಿಕೊಂಡಿತ್ತು. ಆಸ್ಪತ್ರೆಗೆ ಹೋಗಲು ಬಿಟ್ಟಿರಲಿಲ್ಲ. ಈಗಲೂ ಆ ಕೈಯಲ್ಲಿ ಲೋಟ ಎತ್ತಿದರೆ ನಡುಗುತ್ತದೆ.

ಅಕ್ಕ ಬಂದ ಮೇಲೆ ಎಲ್ಲಾ ಹೇಳಿದೆ. ಅವರು ಚೀಲವನ್ನು ಮೇಜಿನ ಮೇಲಿಟ್ಟು ಕೂತರು. ಆಮೇಲೆ, "ಲ್ಯಾಪ್‌ಟಾಪ್ ಹೋದ ವಾರ ರಿಪೇರಿಗೆ ಹೋಗಿತ್ತಲ್ವಾ?" ಎಂದರು.

ಹೌದು. ಕೀಬೋರ್ಡ್ ಕೆಟ್ಟು ಚಂದ್ರುವಿನ ಅಂಗಡಿಯಲ್ಲಿ ಎರಡು ದಿನ ಇತ್ತು. ಪಾಸ್‌ವರ್ಡನ್ನು ಸ್ಟಿಕ್ಕರಿನ ಮೇಲೆ ಬರೆದು ಲ್ಯಾಪ್‌ಟಾಪಿಗೇ ಅಂಟಿಸಿದ್ದವಳು ನಾನು. ಕಣ್ಣು ಒರೆಸಿಕೊಂಡೆ.

"ಇನ್ಯಾರು ಇರ್ತಾರೆ ಹೇಳು," ಎಂದರು ಅಕ್ಕ. "ನೀನು ಅಳಬೇಡ. ನಿನ್ನ ತಪ್ಪಲ್ಲ."

ಅಕ್ಕ ಹೀಗೆ ಹೇಳದೇ ಇದ್ದಿದ್ದರೆ ಇವತ್ತೇ ಕೆಲಸ ಬಿಡುತ್ತಿದ್ದೆ. ರೂಪಶ್ರೀಯನ್ನು ಸದ್ಯಕ್ಕೆ ನನ್ನ ರೂಮಿಗೇ ಕರೆತಂದಿದ್ದೇನೆ. ಪಕ್ಕದಲ್ಲೇ ಮಲಗಿದ್ದಾಳೆ. ಬಾಗಿಲ ಚಿಲಕವನ್ನು ಎದ್ದು ಹೋಗಿ ನೋಡಿ ಬಂದಳು, ನಾನು ಹಾಕಿದ್ದನ್ನು ಕಂಡಿದ್ದರೂ.

ಜೂನ್ 10, ಮಂಗಳವಾರ

ಚಂದ್ರುವಿನ ಅಂಗಡಿಗೆ ಹೋಗಿ ಬೈದು ಬಂದೆ. ಗಿರಾಕಿಗಳು ಇದ್ದರು. ಇರಲಿ ಎಂದುಕೊಂಡೇ ಬೈದೆ.

"ಮೇಡಂ, ನಾನು ಕೀಬೋರ್ಡ್ ಬಿಚ್ಚಿ ಬೇರೆ ಹಾಕಿದೀನಿ, ಅಷ್ಟೆ. ನಿಮ್ ಫೈಲು ನಂಗ್ಯಾಕೆ ಬೇಕು?"

"ಒಂದು ಹೆಣ್ಣಿನ ಪ್ರಾಣದ ವಿಷಯ. ನಿಮಗೆ ಅಕ್ಕತಂಗೀರು ಇಲ್ವಾ?"

ಅವನ ಮುಖ ಕೆಂಪಗಾಯಿತು. ಸುಮ್ಮನಾದದ್ದನ್ನು ನೋಡಿ, ತಪ್ಪು ಮಾಡಿದವನೇ ಹೀಗೆ ಸುಮ್ಮನಾಗುವುದು ಎಂದು ಅಕ್ಕನಿಗೆ ಹೇಳಿದೆ. ಅಕ್ಕ ಹೂಂ ಎಂದರು.

ಮಧ್ಯಾಹ್ನ ಒಂದು ಯೋಚನೆ ಬಂತು. ಬಿ.ಸಿ.ಎ. ಓದುವಾಗ ಕಾಲೇಜಿನ ಲ್ಯಾಬಿನಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇತ್ತು. ಅದನ್ನು ಹಾಕುವಾಗಲೇ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಬಹುದು, ಅಂದರೆ ಗುಪ್ತಲಿಪಿಗೆ ತಿರುಗಿಸಿ ಬೀಗ ಹಾಕಬಹುದು. ಆಗ ಕಂಪ್ಯೂಟರು ಶುರುವಾಗುವ ಮೊದಲೇ ರಹಸ್ಯಪದ ಕೇಳುತ್ತದೆ. ಅದು ಗೊತ್ತಿಲ್ಲದವರು ಡಿಸ್ಕನ್ನು ಕಿತ್ತು ಬೇರೆ ಕಂಪ್ಯೂಟರಿಗೆ ಹಾಕಿದರೂ ಒಂದಕ್ಷರ ಓದಲಾಗುವುದಿಲ್ಲ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಅಕ್ಕನಿಗೆ ಹೇಳಿದೆ.

"ಮಾಡು ಕಣೇ. ನೀನಿದ್ರೆ ನಂಗೆ ಧೈರ್ಯ," ಎಂದರು.

ಜೂನ್ 13, ಶುಕ್ರವಾರ

ನೇರವಾಗಿ ಆಫೀಸಿನ ಲ್ಯಾಪ್‌ಟಾಪಿಗೇ ಕೈ ಹಾಕುವ ಧೈರ್ಯವಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳೆಯದರ ಮೇಲೆ ಮೊದಲು ಪರೀಕ್ಷೆ.

ಪೆನ್‌ಡ್ರೈವಿನಿಂದ ಶುರು ಮಾಡಿದೆ. ಭಾಷೆ, ಕೀಬೋರ್ಡ್, ಊರು ಎಲ್ಲಾ ಕೇಳಿ, ಡಿಸ್ಕಿನ ಪುಟ ಬಂತು. 'ಎನ್‌ಕ್ರಿಪ್ಟ್' ಎಂಬುದಕ್ಕೆ ಟಿಕ್ ಹಾಕಿದೆ. ಎರಡು ಸಲ ರಹಸ್ಯಪದ ಬರೆಸಿಕೊಂಡಿತು. ಮರೆತರೆ ಯಾರೂ ತೆಗೆಯಲಾರರು ಎಂದು ಎಚ್ಚರಿಕೆಯನ್ನೂ ಕೊಟ್ಟಿತು. ಎಲ್ಲಾ ಮುಗಿದು ಮತ್ತೆ ಶುರುವಾದಾಗ ಕಪ್ಪು ಪರದೆಯ ಮೇಲೆ ರಹಸ್ಯಪದ ಕೇಳಿತು. ಕೊಟ್ಟೆ. ತಪ್ಪು ಎಂದಿತು. ಮತ್ತೆ ಕೊಟ್ಟೆ. ಮತ್ತೆ ತಪ್ಪು. ನಾನೇ ಹಾಕಿದ ಬೀಗ ನನ್ನನ್ನೇ ಆಚೆ ನಿಲ್ಲಿಸಿತ್ತು.

ಸಂಜೆವರೆಗೆ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಕೀಬೋರ್ಡ್ ಆರಿಸುವಾಗ ಅವಸರದಲ್ಲಿ ಬ್ರಿಟನ್ನಿನದನ್ನು ಒತ್ತಿದ್ದೆ. ನನ್ನ ರಹಸ್ಯಪದದಲ್ಲಿ @ ಇತ್ತು; ನಮ್ಮ ಕೀಬೋರ್ಡಿನಲ್ಲಿ ಅದು ಇರುವ ಕಡೆ ಬ್ರಿಟನ್ನಿನದರಲ್ಲಿ ಬೇರೆ ಚಿಹ್ನೆ. ಬರೆಯುವಾಗ ಒಂದು ಲೆಕ್ಕ, ಕೇಳುವಾಗ ಇನ್ನೊಂದು. ಎಲ್ಲಾ ಅಳಿಸಿ ಮೊದಲಿಂದ ಮಾಡಬೇಕು. ರೂಪಶ್ರೀ ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಾ, "ಅದೂ ನಿಮ್ ಮಾತು ಕೇಳ್ತಿಲ್ವಾ?" ಎಂದು ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಜೂನ್ 14, ಶನಿವಾರ

ಆಯಿತು! ಹಳೆಯದರ ಮೇಲೆ ಎರಡು ಸಲ ಹಾಕಿ ನೋಡಿ, ಆಮೇಲೆ ಆಫೀಸಿನದಕ್ಕೆ ಹಾಕಿದೆ. ಫೈಲುಗಳನ್ನು ಪೆನ್‌ಡ್ರೈವಿಗೆ ತೆಗೆದು, ಹೊಸದಕ್ಕೆ ತುಂಬಿ, ಆ ಪೆನ್‌ಡ್ರೈವನ್ನು ಪೂರ್ತಿ ಅಳಿಸಿದೆ. ಹೊರಗಿನಿಂದ ಡಿಸ್ಕ್ ತೆರೆಯಲು ನಾನೇ ಕಳ್ಳಿಯ ಹಾಗೆ ಪ್ರಯತ್ನಿಸಿದೆ. ಬರೀ ಅರ್ಥವಿಲ್ಲದ ಕಸ. ಎಷ್ಟು ಚೆನ್ನಾಗಿತ್ತು ಆ ಕಸ!

ಒಂದೇ ಬೀಗಕ್ಕೆ ಎರಡು ಕೀಲಿ, ಅಂದರೆ ಎರಡು ರಹಸ್ಯಪದ, ಇಡಬಹುದು. ಒಂದು ನನ್ನದು. ಇನ್ನೊಂದನ್ನು ಅಕ್ಕ ಬರೆಯುವಾಗ ನಾನು ಗೋಡೆ ಕಡೆ ತಿರುಗಿ ನಿಂತೆ.

"ನಿನ್ನಿಂದ ನಾನು ಮುಚ್ಚಿಡೋದು ಏನಿದೆಯೇ?"

"ಇರ್ಲಿ ಅಕ್ಕ. ಅದು ನಿಮ್ಮ ಕೀಲಿ."

ಅಕ್ಕ ನನ್ನ ಬೆನ್ನು ತಟ್ಟಿ, ಕೆಳಗಿನ ಬೇಕರಿಯಿಂದ ದಿಲ್‌ಪಸಂದ್ ತರಿಸಿದರು. ಮಧ್ಯಾಹ್ನ ಬಂದ ಇಬ್ಬರು ಹೆಂಗಸರಿಗೆ ಲ್ಯಾಪ್‌ಟಾಪ್ ತೋರಿಸಿ, "ನಮ್ಮ ಬಿಂದುಶ್ರೀ ಬೀಗ ಹಾಕಿದಾಳೆ. ನೀವು ಹೇಳಿದ್ದು ಈ ಕೋಣೆ ಬಿಟ್ಟು ಹೋಗಲ್ಲ," ಎಂದರು. ಒಬ್ಬಾಕೆ ಅಲ್ಲೇ ಅಳಲು ಶುರು ಮಾಡಿ, ಒಂದೊಂದೇ ಹೇಳಿಕೊಂಡಳು.

ಜೂನ್ 18, ಬುಧವಾರ

ರೂಪಶ್ರೀ ನನ್ನ ರೂಮಿನಲ್ಲಿ ಇರುವುದು ಒಳ್ಳೆಯದಲ್ಲ. ಬಟವಾಡಿಯಲ್ಲಿ ಅವಳ ಗಂಡನ ಊರಿನವರು ದಿನಾ ಓಡಾಡುತ್ತಾರೆ. ಕೊತ್ತಗೆರೆಗೆ, ಅಮ್ಮನ ಹತ್ತಿರ ಕಳಿಸುತ್ತೇನೆ ಎಂದುಕೊಂಡಿದ್ದೇನೆ. ಅಮ್ಮ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾಳೆ. ಮನೆಯಲ್ಲಿ ಒಂದು ಹಿಂದಿನ ಕೋಣೆ ಇದೆ. ಫೋನಿನಲ್ಲಿ ಕೇಳಿದ್ದಕ್ಕೆ, "ಕಳ್ಸು. ದೂರದ ನೆಂಟ್ರ ಹುಡ್ಗಿ ಅಂತ ಹೇಳ್ತೀನಿ," ಎಂದಳು. ಏನು, ಯಾಕೆ, ಎಷ್ಟು ದಿನ, ಯಾವುದನ್ನೂ ಕೇಳಲಿಲ್ಲ.

ಜಾಗ ಸಿಕ್ಕಿತು ಎಂದು ಅಕ್ಕನಿಗೆ ಹೇಳಲು ಹೋದಾಗ ಅವರು ಕೈ ಅಡ್ಡ ಹಿಡಿದರು. "ಬಾಯಲ್ಲಿ ಹೇಳಬೇಡ ಕಣೇ, ಗೋಡೆಗೂ ಕಿವಿ ಇರುತ್ತೆ ಈಗ. ಫೈಲ್‌ನಲ್ಲಿ ಹಾಕಿಡು. ಕೋರ್ಟಿಗೆ ಬೇಕಾದ್ರೆ ಇರ್ಲಿ."

ಎಂಥ ಎಚ್ಚರ ಅಕ್ಕನದು.

ರೂಪಶ್ರೀ ಮಾತ್ರ ಒಪ್ಪಲಿಲ್ಲ. "ಬರೀಬೇಡಿ ಅಕ್ಕ. ಎಲ್ಲೂ ಬರೀಬೇಡಿ. ಕಾಲಿಗೆ ಬೀಳ್ತೀನಿ."

ಅವಳನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿದೆ. ಆಫ್ ಮಾಡಿ, ಆನ್ ಮಾಡಿ, "ನೀನೇ ತೆಗಿ ನೋಡೋಣ," ಎಂದೆ. ಅವಳು ಅಂಜುತ್ತಾ ಒಂದೊಂದೇ ಕೀ ಒತ್ತಿದಳು. ತೆರೆಯಲಿಲ್ಲ. ಪೆನ್‌ಡ್ರೈವ್ ಹಾಕಿ ಹೊರಗಿನಿಂದಲೂ ತೋರಿಸಿದೆ. "ಚನ್ನೇಶ್ ಇದನ್ನ ಕದ್ಕೊಂಡು ಹೋದ್ರೂ ಅವನಿಗೆ ಸಿಗೋದು ಇಷ್ಟೇ."

ಅವಳು ಆ ಕಸವನ್ನೇ ನೋಡುತ್ತಾ ಕೂತಳು. ಆಮೇಲೆ, "ನೀವು ಹೇಳಿದ್ಮೇಲೆ ಸರಿ ಬಿಡಿ," ಎಂದಳು.

ಅವಳ ಎದುರಿಗೇ ಟೈಪ್ ಮಾಡಿದೆ. ಪುಟ್ಟತಾಯಮ್ಮನವರ ಮನೆ, ಕೊತ್ತಗೆರೆ, ಕುಣಿಗಲ್ ತಾಲ್ಲೂಕು. ನನ್ನ ಅಮ್ಮನ ಹೆಸರನ್ನು ಒಂದು ಕೇಸಿನ ಫೈಲಿನಲ್ಲಿ ನೋಡುವುದು ವಿಚಿತ್ರವೆನಿಸಿತು.

ಜೂನ್ 29, ಭಾನುವಾರ

ಕೊತ್ತಗೆರೆಗೆ ಹೋಗಿದ್ದೆ. ರೂಪಶ್ರೀ ಪಕ್ಕದ ಮನೆಯ ಹೊಲಿಗೆ ಮಿಷನ್ನಿನಲ್ಲಿ ರವಿಕೆ ಹೊಲಿಯುತ್ತಿದ್ದಾಳೆ. ಎಡಗೈ ಬಟ್ಟೆ ಹಿಡಿಯುವಷ್ಟು ಗಟ್ಟಿಯಾಗಿದೆ. ಅಮ್ಮನೂ ಅವಳೂ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎಂದು ಜಗಳ ಆಡುತ್ತಾರೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಮುದ್ದೆ ಉಪ್ಪುಸಾರು ಉಂಡು ನಿದ್ದೆ ಮಾಡಿದೆ.

ಜುಲೈ 5, ಶನಿವಾರ

ಅವರು ಕೊತ್ತಗೆರೆಗೆ ಬಂದಿದ್ದರಂತೆ. ಅಮ್ಮ ಫೋನ್ ಮಾಡಿದಳು. ಹೊರಟಿದ್ದೇನೆ.

ಜುಲೈ 6, ಭಾನುವಾರ

ರೂಪಶ್ರೀಗೆ ಪ್ರಾಣಾಪಾಯ ಆಗಿಲ್ಲ. ಅದನ್ನೇ ಮೊದಲು ಬರೆಯುತ್ತೇನೆ.

ಅಮ್ಮ ಹೇಳಿದ್ದು ಹೀಗೆ. ನಿನ್ನೆ ಹನ್ನೊಂದು ಗಂಟೆಗೆ ಕಾರಿನಲ್ಲಿ ಬಂದರಂತೆ: ಚನ್ನೇಶ್, ಅವನ ಅಪ್ಪ ಏಕಾಂತಯ್ಯ. ಕೈಯಲ್ಲಿ ಹಣ್ಣಿನ ಕವರು, ಹೂವು. ಏಕಾಂತಯ್ಯ ವಿಭೂತಿ ಹಚ್ಚಿದ ದೊಡ್ಡ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದು ಒಳಗೆ ಬಂದರಂತೆ.

"ನಾನು ಯಾರೋ ನೆಂಟ್ರು ಅಂತ ನೀರು ಕೊಟ್ಟೆ ಕಣ್ ಮಗ. ನೀರು ಕುಡುದ್ಬುಟ್ಟು, 'ಸೊಸೇನ ಕರ್ಕೊಂಡು ಹೋಗಾಕೆ ಬಂದಿದೀವಿ ತಾಯಿ' ಅಂದ. ಇವ್ಳು ಹಿಂದ್ಗಡೆ ಕೋಣೆ ಅಗುಳಿ ಹಾಕ್ಕೊಂಡ್ಳು. ಆ ಹುಡುಗ ಎದ್ದು ಹೋಗಿ ಬಾಗ್ಲಿಗೆ ಒದ್ದ."

ಹಳೆಯ ಬಾಗಿಲು, ಅಗುಳಿ ಕಿತ್ತು ಬಂದಿದೆ. ಅವಳ ಆ ಸೊಟ್ಟ ಕೈಯನ್ನೇ ಹಿಡಿದು ನಡುಮನೆಯವರೆಗೆ ಎಳೆದಿದ್ದಾನೆ. ಏಕಾಂತಯ್ಯ ಮಾತ್ರ ಕುರ್ಚಿಯಿಂದ ಏಳದೆ, "ಮೆಲ್ಲುಕ್ಕೆ, ಮೆಲ್ಲುಕ್ಕೆ" ಎನ್ನುತ್ತಿದ್ದರಂತೆ. ಅಮ್ಮ ಅಂಗಳಕ್ಕೆ ಬಂದು ಬಾಯಿ ಮಾಡಿ ಅಕ್ಕಪಕ್ಕದವರನ್ನೆಲ್ಲಾ ಸೇರಿಸಿದಳು. ಜನ ಸೇರಿದ ಮೇಲೆ ಹೊರಟರು. ಹೋಗುವಾಗ ಏಕಾಂತಯ್ಯ ಅಮ್ಮನಿಗೆ ಹೇಳಿದ್ದು: "ನಾವೇನು ಕಳ್ರಾ ತಾಯಿ? ನಿಮ್ಮ ಮಗಳ ಆಫೀಸಿನ ಅಕ್ಕಾವ್ರೇ ಹೋಗ್ಬನ್ನಿ ಅಂದ್ರು."

ಸುಳ್ಳು. ನಮ್ಮ ನಮ್ಮಲ್ಲೇ ಒಡಕು ಹುಟ್ಟಿಸಲು ಹೇಳಿದ್ದು. ಅಮ್ಮನಿಗೆ ಹಾಗೆಂದೇ ಹೇಳಿದೆ. ಅಮ್ಮ ಬಾಗಿಲಿನ ಅಗುಳಿ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

ರೂಪಶ್ರೀ ನನ್ನ ಮುಖ ನೋಡಲಿಲ್ಲ. ಮಣಿಕಟ್ಟಿಗೆ ಅರಿಶಿನ ಹಚ್ಚಿಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದಳು. ಪೊಲೀಸ್ ಸ್ಟೇಷನ್ನಿಗೆ ಹೋಗಿ ದೂರು ಕೊಡೋಣ ಎಂದೆ. "ಕೊಡಿ. ಅದ್ರಲ್ಲೂ ವಿಳಾಸ ಕೇಳ್ತಾರೆ," ಎಂದಳು. ಆದರೂ ಕೊಟ್ಟು ಬಂದೆವು.

ಬೀಗದಲ್ಲೇ ಏನೋ ತಪ್ಪಾಗಿರಬೇಕು. ನಾನೇ ಏನೋ ತಪ್ಪು ಮಾಡಿರಬೇಕು.

ಜುಲೈ 7, ಸೋಮವಾರ

ತಲೆನೋವು ಎಂದು ಅಕ್ಕನಿಗೆ ಫೋನಿನಲ್ಲಿ ಸುಳ್ಳು ಹೇಳಿ, ಅವರು ಬರುವುದರೊಳಗೆ ಲ್ಯಾಪ್‌ಟಾಪ್ ತೆಗೆದುಕೊಂಡು ರೂಮಿಗೆ ಬಂದೆ. ಅಕ್ಕನಿಗೆ ನಾನು ಹೇಳಿದ ಮೊದಲ ಸುಳ್ಳು ಇರಬೇಕು.

ಎಲ್ಲಾ ಮೊದಲಿನಿಂದ ಪರೀಕ್ಷಿಸಿದೆ. ಹೊರಗಿನಿಂದ ತೆರೆಯುತ್ತದೆಯೇ? ಇಲ್ಲ. ಅಳಿಸಿದ ಪೆನ್‌ಡ್ರೈವಿನಲ್ಲಿ ಏನಾದರೂ ಉಳಿದಿದೆಯೇ? ಇಲ್ಲ, ಉಳಿದಿದ್ದರೂ ಅದು ಕೊತ್ತಗೆರೆಗಿಂತ ಮುಂಚಿನದು. ಮುಚ್ಚಳ ಬರೀ ಮುಚ್ಚಿಟ್ಟರೆ ಡಿಸ್ಕ್ ತೆರೆದೇ ಇರುತ್ತದೆ, ಅದು ನಿಜ. ಆದರೆ ನಾನು ಊಟಕ್ಕೆ ಎದ್ದಾಗಲೂ ಪೂರ್ತಿ ಆರಿಸಿಯೇ ಏಳುತ್ತಿದ್ದೆ. ಒಂದೊಂದು ಪರೀಕ್ಷೆಯೂ ಸರಿ ಬಂದಾಗ ಹಿಂದೆ ಕುಣಿದಾಡಿದ್ದೆ. ಇವತ್ತು ಒಂದೊಂದು ಸರಿ ಬಂದಾಗಲೂ ಎದೆ ಕುಸಿಯಿತು. ದೇವರೇ, ಒಂದು ತೂತು ಇರಲಿ, ಎಲ್ಲಾದರೂ ಒಂದು ತೂತು ಸಿಗಲಿ ಎಂದು ಬೇಡಿಕೊಂಡೆ.

ಕೊನೆಗೆ ಬೇರೆ ದಾರಿ ಕಾಣದೆ ಚಂದ್ರುವಿನ ಅಂಗಡಿಗೆ ಹೋದೆ.

"ಇದನ್ನ ಒಡೆಯೋಕಾಗುತ್ತಾ ನೋಡಿ."

ಅವನು ನನ್ನನ್ನೂ ಲ್ಯಾಪ್‌ಟಾಪನ್ನೂ ನೋಡಿದ. "ಇನ್ನೊಂದ್ಸಲ ಬೈಯೋಕೆ ತಂದಿದೀರಾ?"

"ಇಲ್ಲ. ದಯವಿಟ್ಟು."

ನನ್ನ ಕಣ್ಣೆದುರಿಗೇ ಡಿಸ್ಕ್ ಬಿಚ್ಚಿ ತನ್ನ ಕಂಪ್ಯೂಟರಿಗೆ ಹಾಕಿದ. ಅವನಿಗೆ ಗೊತ್ತಿದ್ದದ್ದನ್ನೆಲ್ಲಾ ಮಾಡಿದ. ಒಂದು ಗಂಟೆ ಆಗಿರಬಹುದು. ಆಮೇಲೆ ಡಿಸ್ಕನ್ನು ವಾಪಸ್ ಜೋಡಿಸಿ, ಸ್ಕ್ರೂ ಬಿಗಿ ಮಾಡಿದ.

"ಸರಿಯಾಗೇ ಹಾಕಿದೀರಾ ಮೇಡಂ. ಕೀಲಿ ಗೊತ್ತಿದ್ದೋರು ಬಿಟ್ರೆ ಬೇರೆಯವ್ರು ತೆಗೆಯೋಕಾಗಲ್ಲ."

ಆಟೋದಲ್ಲಿ ಕೂತು ಅತ್ತುಬಿಟ್ಟೆ. ಆಟೋದವರು ಕನ್ನಡಿಯಲ್ಲಿ ನೋಡಿ ರೇಡಿಯೋ ಆರಿಸಿದರು.

ಜುಲೈ 8, ಮಂಗಳವಾರ

ಕೇಳಿದೆ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಅಕ್ಕನನ್ನು ನಿಂತುಕೊಂಡೇ ಕೇಳಿದೆ. ಅವರು ಮುಚ್ಚಿಡಲಿಲ್ಲ. ಮುಚ್ಚಿಟ್ಟಿದ್ದರೆ ನಾನು ನಂಬಿಬಿಡುತ್ತಿದ್ದೆನೋ ಏನೋ.

"ಹೂಂ ಕಣೇ, ನಾನೇ ಹೇಳಿದೆ. ಏಕಾಂತಯ್ಯನವರು ಇಲ್ಲಿಗೆ ಬಂದಿದ್ರು. ಇಷ್ಟು ವಯಸ್ಸಿನ ಮನುಷ್ಯ ನನ್ನ ಮುಂದೆ ಕಣ್ಣೀರು ಹಾಕಿದ್ರು. ಮಗ ಕುಡಿಯೋದು ಬಿಟ್ಟಿದಾನೆ, ಒಂದ್ಸಲ ಎದುರು ಕೂತು ಮಾತಾಡ್ಲಿ ಅಂದ್ರು. ನಾನು ಅಪ್ಪನಿಗೆ ಹೇಳಿದ್ದು, ಮಗನಿಗಲ್ಲ."

"ಮಗ ಬಾಗಿಲು ಒದ್ದ ಅಕ್ಕ. ನಮ್ಮಮ್ಮನ ಮನೆ ಬಾಗಿಲು."

"ಅದು ತಪ್ಪೇ. ನಾನು ಏಕಾಂತಯ್ಯನವರಿಗೆ ಫೋನ್ ಮಾಡಿ ಕೇಳಿದೀನಿ. ಆದ್ರೆ ನೀನು ಚಿಕ್ಕವಳು. ಇಪ್ಪತ್ತು ವರ್ಷದಲ್ಲಿ ನಾನು ಎಷ್ಟು ಸಂಸಾರ ಕೂಡಿಸಿದೀನಿ ಗೊತ್ತಾ? ಬಚ್ಚಿಟ್ಟುಕೊಂಡು ಯಾವ ಹೆಣ್ಣೂ ಎಷ್ಟು ದಿನ ಬದುಕ್ತಾಳೆ?"

"ಹಾಸ್ಟೆಲ್ ವಿಳಾಸ?"

ಅವರು ಕಿಟಕಿ ಕಡೆ ನೋಡಿದರು. "ಅದೂ ನಾನೇ."

"ಚಂದ್ರು ಅಂತ ಹೇಳಿದ್ರಿ."

"ಲ್ಯಾಪ್‌ಟಾಪ್ ರಿಪೇರಿಗೆ ಹೋಗಿತ್ತಲ್ವಾ ಅಂದೆ. ಮಿಕ್ಕಿದ್ದು ನೀನೇ ಅಂದ್ಕೊಂಡೆ."

'ಇನ್ಯಾರು ಇರ್ತಾರೆ ಹೇಳು' ಎಂದು ಅವರು ಆಡಿದ್ದ ಮಾತು ಈ ಪುಸ್ತಕದಲ್ಲೇ ಇದೆ. ಆದರೆ ಆ ಹೊತ್ತಿನಲ್ಲಿ ನನ್ನ ಬಾಯಿಂದ ಬಂದದ್ದು ಬೇರೆ. "ಹಾಗಾದ್ರೆ ಬೀಗ ಹಾಕೋಕೆ ಯಾಕೆ ಬಿಟ್ರಿ?"

"ನೀನು ಅಷ್ಟು ಆಸೆಯಿಂದ ಮಾಡ್ತಿದ್ದೆ. ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ." ಅವರ ದನಿಯಲ್ಲಿ ನಿಜವಾಗಿಯೂ ಪ್ರೀತಿ ಇತ್ತು. "ಹೆಂಗಸ್ರಿಗೂ ಧೈರ್ಯ ಬಂತು, ಅಲ್ವಾ? ಮಗಳ ಥರ ನೋಡ್ಕೊಂಡಿದೀನಿ ಬಿಂದು. ಇದಕ್ಕೆಲ್ಲಾ ಮುಖ ಬಾಡಿಸ್ಕೋಬೇಡ. ಬಾ, ಕಾಫಿ ಕುಡಿ."

ಕಾಫಿ ಕುಡಿದೆ. ಯಾಕೆ ಕುಡಿದೆನೋ ಗೊತ್ತಿಲ್ಲ. ಅವರು ಕೊಟ್ಟರು, ಕುಡಿದೆ. ಕೆಳಗೆ ಇಳಿದು ಬಂದು ಚರಂಡಿಯ ಪಕ್ಕದಲ್ಲಿ ಎಲ್ಲಾ ಕಕ್ಕಿದೆ.

ಕುಡಿಯೋದು ಬಿಟ್ಟಿದ್ದಾನಂತೆ. ಕೈ ಮುರಿದ ದಿನ ಅವನು ಕುಡಿದಿರಲಿಲ್ಲ. ರೂಪಶ್ರೀ ಹೇಳಿದ್ದಳು, ನಾನೇ ಟೈಪ್ ಮಾಡಿದ್ದೆ. ಸುಧಾ ಮೇಡಂ ಎದುರಿಗೇ ಕೂತಿದ್ದರು.

ಜುಲೈ 9, ಬುಧವಾರ

ರೂಮಿನಲ್ಲೇ ಇದ್ದೆ. ಮೇಡಂ ಮೂರು ಸಲ ಫೋನ್ ಮಾಡಿದರು. ತೆಗೆಯಲಿಲ್ಲ.

ಜುಲೈ 10, ಗುರುವಾರ

ಬೆಳಿಗ್ಗೆ ಬೇಗ ಆಫೀಸಿಗೆ ಹೋಗಿ ಲ್ಯಾಪ್‌ಟಾಪ್ ತೆರೆದೆ. ಫೈಲುಗಳನ್ನು ಅಳಿಸಲು ನನಗೆ ಹಕ್ಕಿಲ್ಲ, ಎತ್ತಿಕೊಂಡು ಹೋಗಲೂ ಇಲ್ಲ. ಆದರೆ ಮನೆಯವರಿಗೆ ಹೇಳಬೇಡಿ ಎಂದು ಕೇಳಿಕೊಂಡವರ ನಂಬರುಗಳಿದ್ದವು. ಒಬ್ಬೊಬ್ಬರಿಗೇ ಫೋನ್ ಮಾಡಿದೆ.

"ನಾನು ಬಿಂದುಶ್ರೀ. ನೀವು ಹೇಳಿದ್ದು ಆಚೆ ಹೋಗಲ್ಲ ಅಂತ ಹೇಳಿದ್ವಿ. ಅದು ನಿಜ ಅಲ್ಲ. ಮೇಡಂ ಸರಿ ಅನ್ಸಿದ್ರೆ ನಿಮ್ಮ ಮನೆಯವ್ರಿಗೆ ಹೇಳ್ತಾರೆ. ಒಬ್ಬರದ್ದು ಹೇಳಿದಾರೆ. ನೀವು ಜಾಗ ಬದಲಾಯಿಸೋದಿದ್ರೆ ಬದಲಾಯಿಸಿ. ನನಗೂ ಹೇಳ್ಬೇಡಿ."

ಎರಡನೆಯವರೊಡನೆ ಮಾತಾಡುವಾಗ ಸುಧಾ ಮೇಡಂ ಬಂದರು. ಬಾಗಿಲಲ್ಲೇ ನಿಂತರು. ಫೋನ್ ಕಿತ್ತುಕೊಳ್ಳುತ್ತಾರೆ ಎಂದುಕೊಂಡೆ. ಅವರು ಕಿತ್ತುಕೊಳ್ಳಲಿಲ್ಲ. ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು, ಹೆಂಗಸರು ಕೂರುವ ಕುರ್ಚಿಯಲ್ಲಿ ಕೂತರು. ಒಬ್ಬಾಕೆ ನನ್ನನ್ನು ಬೈದಳು, ಬಹಳ ಹೊತ್ತು ಬೈದಳು. ಇನ್ನೊಬ್ಬಾಕೆ, "ಅಯ್ಯೋ, ಸುಧಾ ಅಕ್ಕನಾ?" ಎಂದಳು. ಅದು ಜೋರಾಗಿಯೇ ಕೇಳಿಸಿತು.

ಎಲ್ಲಾ ಮುಗಿದ ಮೇಲೆ ಅವರು, "ಇಪ್ಪತ್ತು ವರ್ಷದ ಹೆಸರು, ಒಂದೇ ಬೆಳಿಗ್ಗೆಗೆ ಹೋಯ್ತು," ಎಂದರು. ಅಷ್ಟೇ.

ಲ್ಯಾಪ್‌ಟಾಪಿನಿಂದ ನನ್ನ ಕೀಲಿ ತೆಗೆದುಹಾಕಿದೆ. ಈಗ ಅದು ಅವರ ಒಂದೇ ಕೀಲಿಗೆ ತೆರೆಯುತ್ತದೆ. ಅದನ್ನು ಅವರಿಗೆ ಹೇಳಿ ಇಳಿದು ಬಂದೆ. ಬೀದಿಯಲ್ಲಿ ನಿಂತು ಮೇಲೆ ನೋಡಿದೆ. ಕಿಟಕಿಯಲ್ಲಿ ಯಾರೂ ಇರಲಿಲ್ಲ.

ಜುಲೈ 12, ಶನಿವಾರ

ಚಂದ್ರುವಿಗೆ ತಪ್ಪಾಯಿತು ಎಂದು ಹೇಳಿ ಬಂದೆ.

"ಬುಡಿ ಮೇಡಂ," ಎಂದ. ಸ್ಕ್ರೂಡ್ರೈವರ್ ಕೆಳಗಿಟ್ಟು, "ಅವತ್ತು ನೀವು ಬೈದಾಗ ಅಂಗಡೀಲಿ ನಿಂತಿದ್ದೋರು ಇವತ್ತು ಇಲ್ವಲ್ಲ," ಎಂದ.

ಜುಲೈ 13, ಭಾನುವಾರ

ಕೊತ್ತಗೆರೆಗೆ ಹೋದರೆ ರೂಪಶ್ರೀ ಇರಲಿಲ್ಲ. ಗುರುವಾರವೇ ಹೊರಟಳಂತೆ. ಹಿಂದಿನ ಕೋಣೆ ಗುಡಿಸಿ, ಚಾಪೆ ಸುತ್ತಿಟ್ಟಿದ್ದಳು.

"ಎಲ್ಲಿಗೆ?"

ಅಮ್ಮ ಒಲೆಯ ಮುಂದೆ ಕೂತು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. "ಚೆನ್ನಾಗವ್ಳೆ ಬುಡು."

"ಎಲ್ಲಿ ಅಮ್ಮ? ನನಗೆ ಹೇಳಿದ್ರೆ ಏನಾಗುತ್ತೆ?"

"ನೀನು ಒಳ್ಳೇವ್ಳೇ ಕಣ್ ಮಗ. ಆದ್ರೆ ನೀನು ಎಲ್ಲಾನೂ ಬರ್ಕೋತೀಯ."

ಸಿಟ್ಟು ಬಂತು. ಊಟ ಮಾಡದೆ ಹೊರಟೆ. ಕುಣಿಗಲ್ ಬಸ್ ನಿಲ್ದಾಣದಲ್ಲಿ ಕೂತಾಗ ಸಿಟ್ಟು ಇಳಿದಿತ್ತು. ಅಮ್ಮ ಹೇಳಿದ್ದು ನಿಜ. ಇಗೋ, ಬರೆಯುತ್ತಿದ್ದೇನೆ.

ಆಗಸ್ಟ್ 3, ಭಾನುವಾರ

ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವ ಡಿ.ಟಿ.ಪಿ. ಕೆಲಸ ಸಿಕ್ಕಿದೆ. ಲಗ್ನಪತ್ರಿಕೆ, ಗೃಹಪ್ರವೇಶ. ಎಲ್ಲರೂ ತಮ್ಮ ವಿಳಾಸವನ್ನು ದಪ್ಪ ಅಕ್ಷರದಲ್ಲಿ ಹಾಕಿ ಎನ್ನುತ್ತಾರೆ.

ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಅಕ್ಕ, ನಾನು. ಊಟ ಆಯ್ತಾ?"

ರೂಪಶ್ರೀಯ ದನಿ. "ಆಯ್ತು. ನಿಂದು?"

"ಆಯ್ತು. ಇಲ್ಲಿ ಮಿಷನ್ ಕೆಲಸ ಸಿಕ್ಕೈತೆ. ಕೈ ನೋವು ಕಮ್ಮಿ." ಆಮೇಲೆ, "ಅಕ್ಕ, ಎಲ್ಲಿದೀನಿ ಅಂತ ಕೇಳ್ಬೇಡಿ. ಬೇಜಾರು ಮಾಡ್ಕೋಬೇಡಿ," ಎಂದಳು.

"ಕೇಳಲ್ಲ. ಬೇರೆ ಏನಾದ್ರೂ ಹೇಳು."

ಅವಳು ಏನೇನೋ ಹೇಳಿದಳು. ಪಕ್ಕದಲ್ಲಿ ಕೂರುವ ಹುಡುಗಿಗೆ ಗುಂಡಿ ಹಾಕಲು ಬರುವುದಿಲ್ಲವಂತೆ. ಓನರಮ್ಮನ ಬೆಕ್ಕು ಬಟ್ಟೆಯ ಗಂಟಿನ ಮೇಲೆ ಮರಿ ಹಾಕಿದೆಯಂತೆ. ಬಸ್ ನಿಲ್ದಾಣದ ಹತ್ತಿರದಿಂದ ಮಾತಾಡುತ್ತಿದ್ದಳು ಎಂದು ಕಾಣುತ್ತದೆ. ಅವಳ ಹಿಂದೆ ಒಂದು ಬಸ್ಸು ಬಂದು ನಿಂತ ಸದ್ದಾಯಿತು, ಕಂಡಕ್ಟರ್ ಊರಿನ ಹೆಸರು ಕೂಗತೊಡಗಿದ.

ನಾನು ಫೋನನ್ನು ಕಿವಿಯಿಂದ ತೆಗೆದು, ಕೈ ಚಾಚಿ ದೂರ ಹಿಡಿದುಕೊಂಡೆ. ಬಸ್ಸು ಹೊರಟಿತು ಎನಿಸಿದ ಮೇಲೆ ಮತ್ತೆ ಕಿವಿಗೆ ಇಟ್ಟುಕೊಂಡೆ. ಅವಳು ಇನ್ನೂ ಬೆಕ್ಕಿನ ವಿಷಯವನ್ನೇ ಹೇಳುತ್ತಿದ್ದಳು.